ಮುಖ ನೋಡಬೇಡ, ಚಕ್ರ ನೋಡು

ಮೈಸೂರು
ಭಾನುವಾರ

ಚಿ. ಕು. ಮೇಧಾಳಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಆಟಿಸಂ ಇರುವವರು ಕಾರು ಓಡಿಸಬಹುದಾ ಅಂತ ಕೇಳಿದ್ದೀಯ. ಓಡಿಸಬಹುದು. ಎಲ್ಲರೂ ಓಡಿಸಲೇಬೇಕು ಅಂತೇನಿಲ್ಲ, ಅದು ಬೇರೆ ಮಾತು. ಲರ್ನಿಂಗ್ ಲೈಸೆನ್ಸಿನ ಫಾರ್ಮ್ 1ರಲ್ಲಿ ಫಿಟ್ಸ್ ಬರುತ್ತದೆಯೇ, 25 ಮೀಟರ್ ದೂರದ ನಂಬರ್ ಪ್ಲೇಟ್ ಓದಬಲ್ಲೆಯಾ, ಬಣ್ಣಗುರುಡು ಇದೆಯೇ, ಇರುಳುಗುರುಡು ಇದೆಯೇ ಅಂತ ಕೇಳುತ್ತಾರೆ. ಆಟಿಸಂ ಎಂಬ ಹೆಸರು ಅಲ್ಲಿಲ್ಲ. ಆದರೆ ನೀನು ಗಾಡಿ ಓಡಿಸಿದರೆ ಜನರಿಗೆ ಅಪಾಯವಾಗುವಂಥ ಬೇರೆ ಕಾಯಿಲೆ, ವೈಕಲ್ಯ ಇದೆಯೇ ಎಂಬ ಪ್ರಶ್ನೆಯೂ ಇದೆ. ಅದಕ್ಕೆ ಅಂದಾಜಿನಲ್ಲಿ ಉತ್ತರ ಬರೆಯಬೇಡ; ಮೊದಲು ನಿನ್ನ ಡಾಕ್ಟರ ಹತ್ತಿರ ಮಾತಾಡು. ಆಟಿಸಂ ಇರುವವರಲ್ಲಿ ಫಿಟ್ಸ್ ಉಳಿದವರಿಗಿಂತ ಹೆಚ್ಚು, ಹಿಂದೆಂದಾದರೂ ಬಂದಿದ್ದರೆ ಮುಚ್ಚಿಡಬಾರದು. ಆತಂಕಕ್ಕೋ ನಿದ್ದೆಗೋ ಮಾತ್ರೆ ತಗೊಳ್ಳುತ್ತಿದ್ದರೆ, ಡೋಸ್ ಬದಲಾದ ದಿನಗಳಲ್ಲಿ ಸ್ಟೇರಿಂಗ್ ಮುಟ್ಟಬೇಡ. ನೆಗಡಿಗೆ ನುಂಗುವ ಸೆಟ್ರಿಜಿನ್ ಕೂಡ ತೂಕಡಿಕೆ ತರಿಸುತ್ತದೆ.

ಎಲ್‌ಎಲ್‌ಆರ್, ಅಂದರೆ ಲರ್ನಿಂಗ್ ಲೈಸೆನ್ಸ್, ಬಂದ 30 ದಿನಕ್ಕೆ ಟೆಸ್ಟಿಗೆ ಹೋಗಬಹುದು, ಎಲ್‌ಎಲ್‌ಆರ್ ಅವಧಿ 6 ತಿಂಗಳು. ಡ್ರೈವಿಂಗ್ ಸ್ಕೂಲಿನವರು 31ನೇ ದಿನವೇ ಕರೆದುಕೊಂಡು ಹೋಗಲು ನೋಡುತ್ತಾರೆ. ನೀನು ಐದನೇ ತಿಂಗಳಿಗೆ ಹೋಗು. ಟೆಸ್ಟ್ ಟ್ರ್ಯಾಕನ್ನು ಮುಂಚೆಯೇ ಒಂದು ದಿನ ಹೊರಗಿನಿಂದ ನೋಡಿ ಬಾ. 8 ಆಕಾರ ಎಲ್ಲಿ ಶುರುವಾಗುತ್ತದೆ, ದಿಬ್ಬ ಎಲ್ಲಿದೆ, ಸರದಿ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿದ್ದರೆ ಅವತ್ತಿನ ಅರ್ಧ ಭಾರ ಇಳಿದಂತೆ.

ಕಾರು ಆಟೋಮ್ಯಾಟಿಕ್ ಇರಲಿ. ಇದರಲ್ಲಿ ಪ್ರತಿಷ್ಠೆ ಬೇಡ. ಗೇರ್ ಕಾರಿನಲ್ಲಿ ಎಡಗಾಲು ಕ್ಲಚ್ ಬಿಡುತ್ತಿರುವಾಗಲೇ ಬಲಗಾಲು ಒತ್ತಬೇಕು, ಕೈ ಗೇರ್ ಹಾಕಬೇಕು, ಕಣ್ಣು ಕನ್ನಡಿಗೆ ಹೋಗಬೇಕು. ಆಟಿಸಂ ಇರುವ ಅನೇಕರಿಗೆ ಕೈಕಾಲುಗಳ ಈ ಹೊಂದಾಣಿಕೆಯೇ ತಡವಾಗಿ ಬರುತ್ತದೆ, ಅಷ್ಟರಲ್ಲಿ ತಲೆ ದಣಿದು ರಸ್ತೆ ನೋಡಲು ಏನೂ ಉಳಿದಿರುವುದಿಲ್ಲ. ನಮ್ಮ ಲೈಸೆನ್ಸಿನಲ್ಲಿ ಗೇರ್ ಕಾರು, ಆಟೋಮ್ಯಾಟಿಕ್ ಕಾರು ಎಂಬ ಭೇದವೂ ಇಲ್ಲ. ಆದರೆ ಆಟೋಮ್ಯಾಟಿಕ್ ಎಲ್ಲವೂ ಒಂದೇ ಅಲ್ಲ. ಎಎಂಟಿ ಅಂದರೆ ಕ್ಲಚ್ಚನ್ನು ಮೋಟಾರು ಒತ್ತುವ ಮಾಮೂಲಿ ಗೇರ್‌ಬಾಕ್ಸೇ. ಒಂದರಿಂದ ಎರಡಕ್ಕೆ ಬೀಳುವಾಗ ತಲೆ ಮುಂದಕ್ಕೆ ವಾಲುವಷ್ಟು ಜಗ್ಗುತ್ತದೆ. ನಿನಗೆ ಲಿಫ್ಟಿನ ಜಗ್ಗಾಟವೇ ಆಗದಲ್ಲ, ಹಾಗಾಗಿ ಸಿವಿಟಿ (ಒಂದು, ಎರಡು ಅಂತ ಮೆಟ್ಟಿಲುಗಳಿಲ್ಲದ ಗೇರ್‌ಬಾಕ್ಸ್) ಇರುವ ಕಾರನ್ನು ಅಥವಾ ಎಲೆಕ್ಟ್ರಿಕ್ ಕಾರನ್ನು ಓಡಿಸಿ ನೋಡು. ಬೆಲೆ ಹೆಚ್ಚು, ಜಗ್ಗಾಟವಿಲ್ಲ.

ಕಲಿಸುವವರ ಮಾತೇ ದೊಡ್ಡ ತೊಡಕು. "ಹಂಗೇ ಬಿಡಿ ಮೇಡಂ", "ಸ್ವಲ್ಪ ಕಟ್ ಮಾಡಿ", "ನೋಡ್ಕೊಂಡು ಎಳೀರಿ" ಅನ್ನುತ್ತಾರೆ. ಏನನ್ನು ಬಿಡುವುದು, ಸ್ವಲ್ಪ ಅಂದರೆ ಎಷ್ಟು? ಮೊದಲ ದಿನವೇ ಕಾರು ನಿಂತಿರುವಾಗ ಭಾಷೆ ಗೊತ್ತು ಮಾಡಿಕೋ. ಸ್ಟೇರಿಂಗನ್ನು ಗಡಿಯಾರದಂತೆ ಹೇಳಲಿ: "ಬಲಕ್ಕೆ ಕಾಲು ಸುತ್ತು, ಅರ್ಧ ಸುತ್ತು, ಪೂರ್ತಿ". ತಿರುವು ಬರುವ 100 ಮೀಟರ್ ಮುಂಚೆ ಹೇಳಲಿ, ಒಂದು ಸಲಕ್ಕೆ ಒಂದೇ ಮಾತು. ಕೈ ಹಾಕಿ ಸ್ಟೇರಿಂಗ್ ಎಳೆಯುವ ಮುಂಚೆ "ನಾನು ಹಿಡೀತೀನಿ" ಅನ್ನಲಿ. ಇನ್ನೊಂದು ಗುಟ್ಟು: ಸ್ಕೂಲಿನ ಕಾರಿನಲ್ಲಿ ಅವರ ಕಾಲ ಕೆಳಗೂ ಬ್ರೇಕ್ ಇರುತ್ತದೆ. ಹದಿನೈದು ದಿನ ನೀನೇ ಚೆನ್ನಾಗಿ ನಿಲ್ಲಿಸಿದೆ ಅಂದುಕೊಂಡಿರುತ್ತೀಯ, ನಿಲ್ಲಿಸಿದ್ದು ಅವರು. ಒತ್ತಿದಾಗಲೆಲ್ಲ "ಒತ್ತಿದೆ" ಅಂತ ಹೇಳಲು ಹೇಳು, ಇಲ್ಲದಿದ್ದರೆ ನಿನ್ನ ಲೆಕ್ಕವೆಲ್ಲ ತಪ್ಪುತ್ತದೆ. ನಿಮ್ಮಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಸದ್ಯಕ್ಕೆ ಬೇಡ, ಅವನು ಕಾರು ಹೊರಡುವ ಮುಂಚೆಯೇ "ಬ್ರೇಕ್! ಬ್ರೇಕ್!" ಅನ್ನುವವನು.

ಕಾರಿನೊಳಗಿನ ಕಿರಿಕಿರಿಯನ್ನು ಮೊದಲೇ ತೆಗೆದುಬಿಡು. ಡ್ಯಾಶ್‌ಬೋರ್ಡಿನ ಸೆಂಟಿನ ಡಬ್ಬಿ ಬಿಸಾಡು. ಬೆಲ್ಟ್ ಕುತ್ತಿಗೆಗೆ ಉಜ್ಜಿದರೆ ಪಕ್ಕದ ಕಂಬದಲ್ಲಿ ಅದರ ಎತ್ತರ ಇಳಿಸಲು ಬರುತ್ತದಾ ನೋಡು. ದಪ್ಪ ಅಟ್ಟೆಯ ಚಪ್ಪಲಿಯಲ್ಲಿ ಪೆಡಲ್ ಎಷ್ಟು ಒತ್ತಿದೆ ಅಂತ ಕಾಲಿಗೆ ತಿಳಿಯುವುದಿಲ್ಲ. ತೆಳು ಅಟ್ಟೆಯ ಷೂ ಒಂದನ್ನು ಕಾರಿಗೇ ಅಂತ ಇಟ್ಟುಕೋ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಹಾಕಿಕೊಂಡು ಓಡಿಸಬೇಡ, ಆಂಬುಲೆನ್ಸ್ ಸದ್ದು ಕೇಳುವುದಿಲ್ಲ. ಗ್ಲಾಸ್ ಏರಿಸಿ ಎಸಿ ಹಾಕಿದರೆ ಸದ್ದು ಎಷ್ಟೋ ಇಳಿಯುತ್ತದೆ. 2019ರ ಜುಲೈ ನಂತರ ತಯಾರಾದ ಕಾರುಗಳು 80 ಕಿ.ಮೀ. ವೇಗ ದಾಟಿದರೆ ಆಗಾಗ ಬೀಪ್ ಅನ್ನುತ್ತವೆ, 120 ದಾಟಿದರೆ ನಿಲ್ಲಿಸದೆ ಅರಚುತ್ತವೆ. ಕಾರು ಕೆಟ್ಟಿತು ಅಂತ ಬೆಚ್ಚಬೇಡ. ಮಳೆಯಲ್ಲಿ ಗಾಜು ಒಳಗಿನಿಂದ ಮಂಜು ಕಟ್ಟಿದರೆ ಬಟ್ಟೆಯಲ್ಲಿ ಒರೆಸುತ್ತ ಕೂರಬೇಡ. ಎಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸು. ಆ ಬಟನ್ ಎಲ್ಲಿದೆ ಅಂತ ಮನೆಯ ಮುಂದೆ ನಿಂತಾಗಲೇ ಕಣ್ಮುಚ್ಚಿ ಹುಡುಕಿ ಅಭ್ಯಾಸ ಮಾಡು. ರಾತ್ರಿ ಎದುರಿನವನು ಹೈಬೀಮ್ ಹಾಕಿಕೊಂಡು ಬಂದರೆ ದೀಪ ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡು.

ಈಗ ಮುಖ್ಯವಾದದ್ದು. ನಿಯಮ ನಿನಗೆ ಬಾಯಿಪಾಠ, ಅದರಲ್ಲಿ ನನಗೆ ಅನುಮಾನವಿಲ್ಲ. ರಸ್ತೆಯಲ್ಲಿ ನಿಯಮದ ಜೊತೆಗೆ ಇನ್ನೊಂದು ಭಾಷೆ ನಡೆಯುತ್ತದೆ. ಕೈಸನ್ನೆ, ಕಣ್ಣುಸನ್ನೆ, ಹಾರ್ನು, ಲೈಟು. ಅದನ್ನು ಓದಲು ಹೋಗಿ ನಿನ್ನ ಶಕ್ತಿಯೆಲ್ಲ ಖರ್ಚಾಗುತ್ತದೆ, ಓದಿದರೂ ಅರ್ಥ ಖಚಿತವಿಲ್ಲ. ಲಾರಿಯ ಬಲ ಇಂಡಿಕೇಟರ್ ಅಂದರೆ "ಹಿಂದಿನಿಂದ ಬಾ, ದಾಟು" ಅಂತಲೂ ಇರಬಹುದು, "ಎದುರಿಗೆ ಗಾಡಿ ಇದೆ, ದಾಟಬೇಡ" ಅಂತಲೂ ಇರಬಹುದು, ನಿಜಕ್ಕೂ ಬಲಕ್ಕೆ ತಿರುಗುತ್ತಲೂ ಇರಬಹುದು. ಎದುರಿನವನು ಲೈಟ್ ಮಿನುಗಿಸಿದರೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ "ನೀವು ಹೋಗಿ" ಅಂತ. ಇಲ್ಲಿ "ನಾನು ಬರ್ತಿದೀನಿ, ನಿಲ್ಲು" ಅಂತ. ಹಾರ್ನನ್ನಂತೂ ಬೈಗುಳ ಅಂತ ತಿಳಿಯಬೇಡ, ನೂರಕ್ಕೆ ತೊಂಬತ್ತು ಸಲ ಅದು "ನಾನಿಲ್ಲಿದ್ದೀನಿ" ಅಷ್ಟೇ. ಸಿಗ್ನಲ್ ಹಸಿರಾದ ಕ್ಷಣಕ್ಕೆ ಹಿಂದೆ ಕಿರುಚಿದರೆ ಕಿರುಚಲಿ. ಬಲ ನೋಡು, ಎಡ ನೋಡು, ಮತ್ತೆ ಬಲ ನೋಡಿ ಹೊರಡು.

ಅದರ ಬದಲು ಚಕ್ರ ನೋಡು. ಚಕ್ರ ತಿರುಗದೆ ಯಾವ ಗಾಡಿಯೂ ನಿನ್ನ ದಾರಿಗೆ ಬರಲಾಗದು. ಆಟೋದ ಮುಂದಿನ ಚಕ್ರ ಒಂದೇ, ಎದ್ದು ಕಾಣುತ್ತದೆ. ಡ್ರೈವರ್ ಕೈ ಚಾಚಲಿ, ಕಾಲು ಚಾಚಲಿ, ಚಕ್ರ ಬಲಕ್ಕೆ ಓರೆಯಾಯಿತೋ ಅವನು ಬಂದ ಅಂತಲೇ ಲೆಕ್ಕ. ಅಡ್ಡರಸ್ತೆಯ ಬಾಯಲ್ಲಿ ನಿಂತ ಕಾರಿನ ಚಕ್ರ ಅರ್ಧ ಸುತ್ತು ಉರುಳಿದರೂ ಕಾಲು ಬ್ರೇಕಿನ ಮೇಲೆ ಹೋಗಲಿ. ನಿಂತ ಕಾರುಗಳ ಸಾಲಿನ ಪಕ್ಕ ಹೋಗುವಾಗ ಓರೆಯಾದ ಮುಂಚಕ್ರ, ಉರಿಯುವ ಕೆಂಪು ದೀಪ, ಸೀಟಿನಲ್ಲಿ ತಲೆ, ಇವುಗಳಲ್ಲಿ ಯಾವುದೊಂದು ಕಂಡರೂ ಬಾಗಿಲಿನಗಲ ಜಾಗ ಬಿಡು. ಬಸ್ಸು ನಿಂತಿದ್ದರೆ ಅದರ ಅಡಿಯಲ್ಲಿ ನೋಡು, ಆ ಕಡೆಯ ಪಾದಗಳು ಕಾಣುತ್ತವೆ. ಎಡಕ್ಕೆ ತಿರುಗುವ ಮುಂಚೆ ಎಡಗನ್ನಡಿ ಎರಡು ಸಲ, ಯಾಕೆಂದರೆ ಆ ಸಂದಿಯಲ್ಲಿ ಬೈಕ್ ತೂರಿಯೇ ತೂರುತ್ತದೆ. ನಮ್ಮ ಸರ್ಕಲ್‌ಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಅನ್ನುವುದು ನಿಯಮ, ಅವರು ನಿನಗೆ ಬಿಡದೇ ಇರುವುದು ವಾಡಿಕೆ. ತಪ್ಪು ಯಾರದು ಅಂತ ತೀರ್ಮಾನಿಸುವ ಕೆಲಸ ಓಡಿಸುವಾಗ ಬೇಡ. ನಿಯಮ ಮುರಿದವನನ್ನು ಕಂಡು ನಿನಗೆ ಮೈ ಉರಿಯುವುದು ನನಗೆ ಗೊತ್ತು. ಆದರೆ ಆ ಸಿಟ್ಟಿನ ಎರಡು ಸೆಕೆಂಡು ನೀನು ಕುರುಡಿ.

ಬಲ ತಿರುವಿಗೆ ಎದುರಿನ ಗಾಡಿಗಳ ನಡುವಿನ ಸಂದು ಸಾಕಾ ಅನ್ನುವುದನ್ನೂ ಅಂದಾಜಿಗೆ ಬಿಡಬೇಡ. 60 ಕಿ.ಮೀ. ವೇಗದ ಗಾಡಿ 6 ಸೆಕೆಂಡಿಗೆ 100 ಮೀಟರ್ ಬರುತ್ತದೆ. ನೀನು ದಿನಾ ತಿರುಗುವ ಜಾಗದಲ್ಲಿ ಮೊದಲು ಫುಟ್‌ಪಾತ್ ಮೇಲೆ ನಿಂತುಕೋ. 100 ಮೀಟರ್ ದೂರದ ಕಂಬವೋ ಮರವೋ ಹೆಜ್ಜೆ ಹಾಕಿ ಗುರುತು ಮಾಡು, ಅಲ್ಲಿಂದ ಗಾಡಿ ಎಷ್ಟು ಎಣಿಕೆಗೆ ಬರುತ್ತದೆ ನೋಡು. ಕಾರುಗಳು ತಿರುಗಿ ಮುಗಿಸಲು ಎಷ್ಟು ಎಣಿಕೆ ಬೇಕಾಗುತ್ತದೆ ಅನ್ನುವುದನ್ನೂ ನೋಡು. ಗಾಡಿ ಆ ಗುರುತಿನಿಂದ ಈಚೆ ಬಂದಿದ್ದರೆ ಕಾಯಬೇಕು. ಮುಂದಿನ ಗಾಡಿಗೆ 2 ಸೆಕೆಂಡಿನ ಅಂತರ, ಮಳೆಯಲ್ಲಿ 4.

ದಾರಿ ತಪ್ಪಿದರೆ ತಪ್ಪಲಿ, ಮುಂದೆ ಹೋಗಿ ಯು ಟರ್ನ್ ತಗೋ. ಆಫೀಸಿಗೆ ಒಂದೇ ದಾರಿ ಕಲಿತರೆ ಸಾಲದು, ಅಗೆತವಿದ್ದ ದಿನಕ್ಕೆ, ಗಣಪತಿ ಮೆರವಣಿಗೆ ದಿನಕ್ಕೆ ಇನ್ನೊಂದು ದಾರಿಯನ್ನು ಭಾನುವಾರ ಬೆಳಿಗ್ಗೆ 6 ಗಂಟೆಗೆ ಎರಡು ಮೂರು ಸಲ ಓಡಿಸಿ ಇಟ್ಟುಕೋ.

ತಲೆ ತುಂಬಿ ಬರುವ ಮುಂಚೆ ಸುಳಿವು ಸಿಗುತ್ತದೆ. ಮಾತು ಕೇಳಿಸಿದರೂ ಅರ್ಥವಾಗದಿರುವುದು, ಕೈ ಸ್ಟೇರಿಂಗನ್ನು ಹಿಂಡುವುದು, ಕನ್ನಡಿ ನೋಡಿ ಎಷ್ಟು ಹೊತ್ತಾಯಿತು ಅಂತ ನೆನಪಾಗದಿರುವುದು. ನಿನ್ನವೇ ಮೂರು ಸುಳಿವು ಬರೆದಿಟ್ಟುಕೋ. ಒಂದು ಕಂಡರೂ ಎಡ ಇಂಡಿಕೇಟರ್, ಎಡಗನ್ನಡಿ, ನಿಧಾನ, ಪೆಟ್ರೋಲ್ ಬಂಕೋ ಅಡ್ಡರಸ್ತೆಯೋ ನೋಡಿ ಒಳಗೆ. ಗೇರನ್ನು ಪಿ (ಪಾರ್ಕಿಂಗ್) ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆಫ್ ಮಾಡಿ ಹದಿನೈದು ನಿಮಿಷ ಕೂರು. ಆಮೇಲೂ ಸರಿಹೋಗದಿದ್ದರೆ ಕಾರು ಅಲ್ಲೇ ಬಿಟ್ಟು ಆಟೋದಲ್ಲಿ ಮನೆಗೆ ಹೋಗು, ಪಾರ್ಕಿಂಗ್ ದುಡ್ಡು ನಾನು ಕೊಡುತ್ತೇನೆ. ನಿದ್ದೆಗೆಟ್ಟ ದಿನ, ಆಫೀಸಿನಲ್ಲಿ ಜಗಳವಾದ ದಿನ ಮೆಟ್ರೋ.

ಮೈಸೂರಿಗೆ ಬರುವುದಾದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ನಿನಗೆ ಊರಿಗಿಂತ ಸಲೀಸು. 2023ರ ಆಗಸ್ಟಿನಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಕಾರಿಗೆ ಮಿತಿ 100 ಕಿ.ಮೀ. ನೀನು 80ರಲ್ಲಿ ಎಡ ಲೇನ್ ಹಿಡಿದು ಬಾ. ಆದರೆ ನಡುವೆ ಇಳಿಯುವ ದಾರಿಗಳು ದೂರದೂರ ಇವೆ, ಹಾಗಾಗಿ ಬಿಡದಿ, ರಾಮನಗರ, ಮಂಡ್ಯದ ಹತ್ತಿರ ಎಲ್ಲಿ ಇಳಿಯಬಹುದು ಅಂತ ಮೊದಲೇ ಗುರುತಿಸಿಕೋ. ಹೆದ್ದಾರಿಯಲ್ಲಿ ಕಾರು ಕೆಟ್ಟರೆ 1033, ಅಪಘಾತವಾದರೆ 112.

ಪೊಲೀಸರು ಕೈ ತೋರಿಸಿದರೆ ಎಡಕ್ಕೆ ನಿಲ್ಲಿಸಿ ಗ್ಲಾಸ್ ಇಳಿಸು. ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಈ ನಾಲ್ಕನ್ನೂ ಒಂದೇ ಪೌಚಿನಲ್ಲಿಡು. ಡಿಜಿಲಾಕರಿನ ಪ್ರತಿಯೂ ನಡೆಯುತ್ತದೆ. ಜೊತೆಗೆ ಒಂದು ಚೀಟಿ: "ನನಗೆ ಆಟಿಸಂ ಇದೆ. ನಿಮ್ಮ ಮಾತು ಅರ್ಥವಾಗುತ್ತದೆ, ಉತ್ತರಿಸಲು ಸ್ವಲ್ಪ ಸಮಯ ಬೇಕು." ಕೆಳಗೆ ನನ್ನ ನಂಬರ್ ಬರೆದುಕೋ.

ಎಲ್‌ಎಲ್‌ಆರ್ ಬಂದ ತಾರೀಖು ತಿಳಿಸು, ಟೆಸ್ಟಿನ ದಿನ ನಾನೂ ಬರುತ್ತೇನೆ. ಹೊರಗೇ ಕೂತಿರುತ್ತೇನೆ, ಏನೂ ಮಾತಾಡುವುದಿಲ್ಲ.

ಇಂತಿ ನಿನ್ನ
ಅತ್ತೆ