ಕರಡಿಗಿಂತ ಮೊದಲು ನೀರಿನ ಚಳಿ

ಮಂಡ್ಯ

ಚಿ. ಮೇಘನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಜೂನ್‌ನಲ್ಲಿ ಗೆಳತಿಯರ ಜೊತೆ ಅಲಾಸ್ಕದ ಗ್ಲೇಷಿಯರ್ ಬೇ ಎಂಬ ಕೊಲ್ಲಿಗೆ ಹೋಗಿ, ವಾರವಿಡೀ ಸಣ್ಣ ಹುಟ್ಟುದೋಣಿ ಕಯಾಕ್‌ನಲ್ಲಿ ಸುತ್ತಿ ದಡದಲ್ಲೇ ಟೆಂಟ್ ಹಾಕುತ್ತೀಯಂತೆ, ನಿನ್ನಪ್ಪ ಹೇಳಿದ. ಮನೆಯಲ್ಲಿ ಎಲ್ಲರ ಬಾಯಲ್ಲೂ ಕರಡಿಯದೇ ಮಾತು. ಕರಡಿಯ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ಹೆದರಬೇಕಾದ್ದು ನೀರಿನ ಚಳಿಗೆ.

ಅಲ್ಲಿನ ನೀರು ಬೇಸಿಗೆಯಲ್ಲೂ 10 ಡಿಗ್ರಿಯ ಆಸುಪಾಸು, ಹಿಮನದಿಯ ಹತ್ತಿರ ಇನ್ನೂ ಕಡಿಮೆ. ಬಿದ್ದ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಬಾಯಿ ತಾನಾಗಿ ತೆರೆದು ಗಾಳಿ ಎಳೆಯುತ್ತದೆ, ಆಗ ಮುಖ ನೀರಿನೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಲೈಫ್ ಜಾಕೆಟ್ ದೋಣಿಯ ಮೇಲೆ ಕಟ್ಟಿಡದೆ ಸದಾ ಮೈಮೇಲೆ ಇರಲಿ ಎನ್ನುವುದು ಅದಕ್ಕೇ. ಆಮೇಲೆ ಸುಮಾರು 10 ನಿಮಿಷ ಕೈಬೆರಳು ಮಾತು ಕೇಳುತ್ತವೆ. ಅಷ್ಟರೊಳಗೆ ದೋಣಿ ಹತ್ತಿಬಿಡಬೇಕು.

ಕತ್ತಿನಿಂದ ಕಾಲಿನ ತನಕ ಮುಚ್ಚುವ ಡ್ರೈಸೂಟ್ ಬಾಡಿಗೆಗೆ ಸಿಗುತ್ತದೆ, ದುಡ್ಡು ನೋಡಬೇಡ. ಅದು ನೀರು ತಡೆಯುತ್ತದೆ, ಬೆಚ್ಚಗಿಡುವುದು ಒಳಗಿನ ಉಣ್ಣೆ ಬಟ್ಟೆ. ಕತ್ತು, ಮಣಿಕಟ್ಟಿನಲ್ಲಿರುವ ತೆಳು ರಬ್ಬರ್ ಪಟ್ಟಿಯೇ ಅದರ ಜೀವ. ಎಣ್ಣೆ ತಾಗಿದರೆ ಆ ರಬ್ಬರ್ ಹಾಳು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸೂಟ್‌ನಲ್ಲಿ ತಲೆ ತೂರಿಸಬೇಡ. ಹೊರಡುವ ಎರಡು ದಿನ ಮೊದಲೇ ಸೀಗೆಪುಡಿಯಲ್ಲಿ ಚೆನ್ನಾಗಿ ತಿಕ್ಕಿ ತೊಳೆದುಕೋ. ಉಗುರು ಕತ್ತರಿಸು. ಬಳೆ, ಉಂಗುರ, ಸರ ಎಲ್ಲ ಊರಲ್ಲೇ ಬಿಡು. ಜಿಪ್ಪಿನ ಕೊನೆಯ ಅರ್ಧ ಇಂಚು ಮುಚ್ಚಿಲ್ಲದಿದ್ದರೂ ಸೂಟ್‌ನೊಳಗೆ ನೀರು ತುಂಬುತ್ತದೆ. ನಿನ್ನ ಜಿಪ್ಪು ಗೆಳತಿ ಎಳೆದು ನೋಡಲಿ, ಅವಳದ್ದು ನೀನು ನೋಡು. ಬಳಿಕ ಕತ್ತಿನ ಪಟ್ಟಿ ಸ್ವಲ್ಪ ಅಗಲಿಸಿ, ಕುಕ್ಕರಗಾಲಲ್ಲಿ ಕೂತು ಒಳಗಿನ ಗಾಳಿ ಹೊರಹಾಕು.

ವರುಣಾ ಕೆರೆಯಲ್ಲಿ ಕಯಾಕ್ ನಡೆಸುತ್ತಿರುವುದು ಒಳ್ಳೆಯದೇ, ಆದರೆ ಹುಟ್ಟು ಹಾಕುವುದಕ್ಕಿಂತ ಮಗುಚಿಬಿದ್ದು ಮತ್ತೆ ಹತ್ತುವುದನ್ನು ಹೆಚ್ಚು ಅಭ್ಯಾಸ ಮಾಡು. ಗೆಳತಿ ನಿನ್ನ ದೋಣಿಯ ಮೂತಿಯನ್ನು ತನ್ನ ದೋಣಿಯ ಮೇಲೆಳೆದು, ಬೋರಲು ಹಾಕಿ ನೀರು ಬಸಿದು, ನೆಟ್ಟಗೆ ಮಾಡಿ ಎರಡೂ ದೋಣಿಯನ್ನು ಜೋಡಿಸಿ ಹಿಡಿಯಬೇಕು. ನೀನು ಹಿಂಭಾಗದಲ್ಲಿ ಹೊಟ್ಟೆಯ ಮೇಲೆ ಮಲಗಿ ಕಾಲು ಒಳಗೆ ತೂರಿಸಬೇಕು. ಉಳಿದ ನೀರಿಗೆ ಕೈಪಂಪು. ಕೆರೆಯ ಬೆಚ್ಚಗಿನ ನೀರಲ್ಲಿ ಐದು ನಿಮಿಷ ಹಿಡಿಯುವ ಕೆಲಸ ಅಲ್ಲಿ ಹತ್ತರಲ್ಲೂ ಮುಗಿಯದು. ಎರಡು ನಿಮಿಷಕ್ಕೆ ಇಳಿಸಿಕೊಳ್ಳುವ ತನಕ ಬಿಡಬೇಡ.

ಭರತ ಇಳಿತ ನಮ್ಮ ಕಡೆಯವರ ಅಂದಾಜಿಗೆ ಸಿಗುವಂಥದ್ದಲ್ಲ. ಕೆ.ಆರ್.ಎಸ್. 124.80 ಅಡಿ ಮುಟ್ಟಲಿ ಎಂದು ಮಂಡ್ಯದವರು ವಾರಗಟ್ಟಲೆ ಪೇಪರ್ ನೋಡುತ್ತೇವಲ್ಲ. ಗ್ಲೇಷಿಯರ್ ಬೇಯಲ್ಲಿ ದೊಡ್ಡ ಭರತದ ದಿನ ಸುಮಾರು ಆರು ಗಂಟೆಯಲ್ಲಿ 20 ಅಡಿಗೂ ಹೆಚ್ಚು ಏರುತ್ತದೆ. ದಡದ ಒಣಗಿದ ಪಾಚಿಗೆರೆಯನ್ನು ಪೂರ್ತಿ ನಂಬಬೇಡ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರವಾದಂತೆ ರಾತ್ರಿಯ ನೀರು ನಿನ್ನೆಯ ಗೆರೆ ದಾಟುತ್ತದೆ. ಭರತ ಯಾವಾಗ ಎಷ್ಟು ಏರುತ್ತದೆಂಬ ಪಟ್ಟಿ ನೋಡಿಯೇ ಟೆಂಟ್ ಜಾಗ ಆರಿಸು. ದೋಣಿಯನ್ನು ಎಷ್ಟೇ ಮೇಲಕ್ಕೆ ಎಳೆದಿಟ್ಟರೂ ಮರಕ್ಕೋ ಬಂಡೆಗೋ ಕಟ್ಟು. ಇಳಿತದಲ್ಲಿ ದಡ ಸೇರಿದರೆ ಸಾಮಾನು ಬಹುದೂರ ಹೊರಬೇಕು. ನೀರು ಒಳಹೋಗದ ಸಣ್ಣ ಡ್ರೈಬ್ಯಾಗ್‌ಗಳನ್ನೆಲ್ಲ ತುಂಬಿಕೊಳ್ಳಲು ಎರಡು ದೊಡ್ಡ ಚೀಲ ಇರಲಿ.

ಇನ್ನು ಕರಡಿ. ಅದನ್ನು ಕರೆತರುವುದು ವಾಸನೆ. ವಾಸನೆಯಿರುವುದೆಲ್ಲ ಅಲ್ಲಿನ ನ್ಯಾಷನಲ್ ಪಾರ್ಕ್‌ನವರು ಕೊಡುವ ಗಟ್ಟಿ ಡಬ್ಬಿಯೊಳಗೆ ಹೋಗಬೇಕು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಅಷ್ಟೇ ಅಲ್ಲ, ಟೂತ್‌ಪೇಸ್ಟ್, ಕ್ರೀಮು, ಮೈಸೂರು ಸ್ಯಾಂಡಲ್ ಸೋಪು ಕೂಡ. ಪುಳಿಯೋಗರೆ ಗೊಜ್ಜು ಬೇಡವೇ ಬೇಡ, ಎಣ್ಣೆ ಸೋರಿ ಬಟ್ಟೆಗೆ ಹತ್ತಿದರೆ ಆ ಬಟ್ಟೆ ಟೆಂಟ್‌ಗೆ ಬರುವ ಹಾಗಿಲ್ಲ. ಡಬ್ಬಿ ದೋಣಿಯ ಸಾಮಾನು ತುಂಬುವ ಬಾಯಿಯೊಳಗೆ ಹಿಡಿಸುತ್ತದೋ ಇಲ್ಲವೋ ಬಾಡಿಗೆ ಅಂಗಡಿಯಲ್ಲೇ ನೋಡು. ಅಡುಗೆ, ಊಟ ಎರಡೂ ಭರತದ ನೀರು ಬಂದು ಹೋಗುವ ಪಟ್ಟಿಯಲ್ಲೇ, ಚೆಲ್ಲಿದ ಅಗುಳನ್ನು ಸಮುದ್ರ ತೊಳೆದುಕೊಂಡು ಹೋಗುತ್ತದೆ. ಡಬ್ಬಿ, ಅಡುಗೆ ಜಾಗ ಎರಡೂ ಟೆಂಟ್‌ನಿಂದ ಕನಿಷ್ಠ 90 ಮೀಟರ್ ದೂರವಿರಲಿ. ರಾತ್ರಿ ದೋಣಿಯೊಳಗೆ ತಿಂಡಿ ಬಿಟ್ಟರೆ ಕರಡಿ ದೋಣಿಯನ್ನೇ ಹರಿದುಹಾಕುತ್ತದೆ, ಆಮೇಲೆ ವಾಪಸ್ ಬರುವುದು ಹೇಗೆ?

ಕರಡಿಯ ಮುಖಕ್ಕೆ ಹೊಡೆಯುವ ಖಾರದ ಬೇರ್ ಸ್ಪ್ರೇ, ಒಲೆಯ ಗ್ಯಾಸ್ ಎರಡನ್ನೂ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು. ಸ್ಪ್ರೇ ಬ್ಯಾಗಿನೊಳಗಲ್ಲ, ಸೊಂಟದಲ್ಲಿ. ಅದು ಮುಟ್ಟುವುದು ಎಂಟೊಂಬತ್ತು ಮೀಟರ್ ಅಷ್ಟೇ, ಅಷ್ಟು ಹತ್ತಿರ ಬರುವ ತನಕ ಒತ್ತಬೇಡ. ಸೊಳ್ಳೆಮದ್ದಿನ ಹಾಗೆ ಟೆಂಟ್‌ಗೆ ಹೊಡೆಯಬೇಡ, ಉಳಿದ ವಾಸನೆಗೆ ಕರಡಿ ಬರುವುದೇ ಹೆಚ್ಚು. ಪೊದೆ ಹೊಕ್ಕಾಗ ಜೋರಾಗಿ ಮಾತಾಡುತ್ತಾ ನಡೆಯಿರಿ. ಎದುರಾದರೆ ಓಡಬೇಡಿ, ಒತ್ತಾಗಿ ನಿಂತು ಮೆಲುದನಿಯಲ್ಲಿ ಮಾತಾಡುತ್ತ ಹಿಂದೆ ಸರಿಯಿರಿ.

ಕಾಟನ್ ಬನಿಯನ್, ಜೀನ್ಸ್ ಬೇಡ, ಒದ್ದೆಯಾದರೆ ಅಲ್ಲಿ ಒಣಗುವುದೇ ಇಲ್ಲ. ಮಲಗುವಾಗ ಹಾಕುವ ಒಂದು ಜೊತೆ ಉಣ್ಣೆ ಬಟ್ಟೆ ಬೇರೆ ಡ್ರೈಬ್ಯಾಗ್‌ನಲ್ಲಿರಲಿ, ಹಗಲು ಎಷ್ಟೇ ನಡುಗಿದರೂ ಅದಕ್ಕೆ ಕೈ ಹಾಕಬೇಡ.

ಯಾವ ದಿನ ಯಾವ ದಡ, ವಾಪಸ್ ಯಾವತ್ತು ಎಂದು ಬರೆದು ನಿನ್ನಪ್ಪನಿಗೂ ನನಗೂ ಒಂದೊಂದು ಪ್ರತಿ ಕೊಡು. ಎರಡು ದಿನದ ಊಟ ಹೆಚ್ಚಿಗೆ ಇಟ್ಟುಕೋ. ಗಾಳಿ ಎದ್ದ ದಿನ ಟಿಕೆಟ್ ತಪ್ಪಿದರೂ ಚಿಂತೆಯಿಲ್ಲ, ದಡದಲ್ಲೇ ಕೂತಿರು.

ಇತಿ,
ನಿನ್ನ ದೊಡ್ಡಮ್ಮ