ಸೆಕ್ಯೂರ್ ಬೂಟ್ ಕಂಡ ಕೂಡಲೇ ಆಫ್ ಮಾಡಬೇಕಾ?

ಮಾನ್ಯರೇ,

ಕೇರಳದ ಶಾಲೆಗಳಲ್ಲಿ ಕಲಿಸುವುದೇ ಕೈಟ್ ಎಂಬ ಸರ್ಕಾರಿ ಸಂಸ್ಥೆಯ ಗ್ನೂ/ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಬಳಸುವ ಉಚಿತ ಆಪರೇಟಿಂಗ್ ಸಿಸ್ಟಂ. ಹಾಗಾಗಿ ನಮ್ಮ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಕ್ಕಳು ಮನೆಯ ಲ್ಯಾಪ್‌ಟಾಪಿಗೂ ಅದೇ ಬೇಕು ಅಂತಾರೆ. ಅಂಗಡಿಗೆ ಕೊಟ್ಟರೆ ಅವರು ಮೊದಲು ಮಾಡುವ ಕೆಲಸ ಸೆಕ್ಯೂರ್ ಬೂಟ್ ಆಫ್. ಕಂಪ್ಯೂಟರ್ ಶುರುವಾಗುವಾಗ (ಬೂಟ್ ಆಗುವಾಗ) ನಂಬಿಕೆಯ ಡಿಜಿಟಲ್ ಸಹಿ ಇರುವ ಪ್ರೋಗ್ರಾಂಗಳನ್ನು ಮಾತ್ರ ಓಡಲು ಬಿಡುವ ವ್ಯವಸ್ಥೆ ಅದು. ಕೇಳಿದರೆ "ಅದು ಇದ್ರೆ ಲಿನಕ್ಸ್ ಬೂಟ್ ಆಗೋದಿಲ್ಲ" ಎಂಬ ಉತ್ತರ.

ಇದು 2012ರಲ್ಲಿ ವಿಂಡೋಸ್ 8 ಬಂದಾಗಿನ ಹೆದರಿಕೆ. ಆಮೇಲೆ ಮೈಕ್ರೋಸಾಫ್ಟ್ ಸಹಿ ಇರುವ ಶಿಮ್ ಎಂಬ ಪುಟ್ಟ ಪ್ರೋಗ್ರಾಂ ಬಳಸಿ ಉಬುಂಟು, ಫೆಡೋರಾ ಎಂಬ ಲಿನಕ್ಸ್‌ಗಳು ದಾರಿ ಮಾಡಿಕೊಂಡವು, 2019ರಲ್ಲಿ ಡೆಬಿಯನ್ ಕೂಡ ಸೇರಿತು. ಈಗ ತೊಂದರೆ ಬರುವುದು ಹೆಚ್ಚಾಗಿ ಎನ್‌ವಿಡಿಯಾ, ವರ್ಚುವಲ್‌ಬಾಕ್ಸ್‌ನಂಥ ಹೊರಗಿನ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಂ) ಹಾಕುವಾಗ. ಆಗ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು 10 ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ಒಂದು ಕೀ ಒತ್ತಿ, 'ಎನ್‌ರೋಲ್ ಮೋಕ್' (ಯಂತ್ರದ ಮಾಲೀಕನ ಸಹಿ ಕೀ ಸೇರಿಸು) ಆರಿಸಿ, ಅದೇ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಇದೇನೋ ವೈರಸ್ ಇರಬೇಕು ಅಂತ ಸುಮ್ನೆ ನೋಡುತ್ತಾ ಕೂತರೆ ಅದು ಹಾಗೇ ಮುಂದೆ ಹೋಗುತ್ತದೆ, ಡ್ರೈವರ್ ಲೋಡ್ ಆಗುವುದಿಲ್ಲ, ಬೈಗುಳ ಲಿನಕ್ಸಿಗೆ.

ವಿಂಡೋಸ್ ಕೂಡ ಉಳಿಸಿಕೊಂಡ ಲ್ಯಾಪ್‌ಟಾಪಿನಲ್ಲಿ ಕೇಳದೆ ಆಫ್ ಮಾಡುವುದು ಇನ್ನೂ ಅಪಾಯ. ಮುಂದಿನ ಸಲ ವಿಂಡೋಸ್ ತೆರೆದರೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಡಿಸ್ಕ್ ಬೀಗ 48 ಅಂಕಿಯ ರಿಕವರಿ ಕೀ ಕೇಳಬಹುದು. ನಮ್ಮ ಪಕ್ಕದ ಮನೆಯ ಕಾಲೇಜು ಹುಡುಗಿಗೆ ಹೀಗೇ ಆಯಿತು. ಆ ಕೀ ಯಾವ ಖಾತೆಯಲ್ಲಿದೆ ಅಂತ ಅವಳಿಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿಲ್ಲ, ಪ್ರಾಜೆಕ್ಟ್ ಫೈಲೆಲ್ಲ ಒಳಗೆ.

ಹಾಗಂತ ಸೆಕ್ಯೂರ್ ಬೂಟ್ ದೊಡ್ಡ ಕೋಟೆ ಅಂತ ನಾನೇನೂ ಹೇಳುತ್ತಿಲ್ಲ. ಅದು ಸಹಿ ನೋಡುವುದು ಬೂಟ್‌ಲೋಡರ್ (ಸಿಸ್ಟಂ ಶುರುಮಾಡುವ ಪ್ರೋಗ್ರಾಂ), ಕರ್ನಲ್ (ಸಿಸ್ಟಂನ ತಿರುಳು), ಡ್ರೈವರುಗಳಿಗೆ. ನಾವು ಬಳಸುವ ಹೆಚ್ಚಿನ ಲಿನಕ್ಸ್‌ಗಳಲ್ಲಿ ಕರ್ನಲ್ ಜೊತೆ ಲೋಡ್ ಆಗುವ ಇನಿಟ್‌ಆರ್‌ಡಿ ಫೈಲಿಗೆ ಸಹಿಯೇ ಇರುವುದಿಲ್ಲ, ಲ್ಯಾಪ್‌ಟಾಪ್ ಕೈಗೆ ಸಿಕ್ಕವನು ಅದನ್ನು ಬದಲಿಸಬಹುದು. ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್‌ಗೆ) ಪಾಸ್‌ವರ್ಡ್ ಇಲ್ಲದಿದ್ದರೆ ಅಷ್ಟು ಕಷ್ಟಪಡುವುದೂ ಬೇಡ, ಸೆಕ್ಯೂರ್ ಬೂಟನ್ನೇ ಆಫ್ ಮಾಡಿದರಾಯಿತು. 2020ರಲ್ಲಿ ಲಿನಕ್ಸ್‌ನ ಬೂಟ್‌ಲೋಡರ್ ಆದ ಗ್ರಬ್‌ನಲ್ಲೇ ಬೂಟ್‌ಹೋಲ್ ಎಂಬ ತೂತು ಸಿಕ್ಕಿತ್ತು. 2024ರಲ್ಲಂತೂ 'ನಂಬಬೇಡಿ' ಎಂದು ಹೆಸರಲ್ಲೇ ಬರೆದಿದ್ದ ಪರೀಕ್ಷಾ ಕೀಯನ್ನೇ ಹಲವು ಕಂಪನಿಗಳು ಮಾರಾಟದ ಕಂಪ್ಯೂಟರುಗಳಲ್ಲಿ ಬಿಟ್ಟಿದ್ದು ಹೊರಬಿತ್ತು. ಅದೇ ವರ್ಷ ಆಗಸ್ಟಿನ ವಿಂಡೋಸ್ ಅಪ್‌ಡೇಟ್ ವಿಂಡೋಸ್, ಲಿನಕ್ಸ್ ಎರಡೂ ಇರುವ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸನ್ನು ಮಲಗಿಸಿತು. ನಮ್ಮ ಯಂತ್ರದಲ್ಲಿ ಯಾವುದು ಓಡಬೇಕು ಅಂತ ಬೇರೆಯವರು ತೀರ್ಮಾನಿಸುವುದು ಸ್ವಲ್ಪ ಕಿರಿಕಿರಿಯೇ ಅಲ್ವಾ?

ನನ್ನ ಪ್ರಕಾರ ತೊಂದರೆ ಕೊಡದಿದ್ದರೆ ಸೆಕ್ಯೂರ್ ಬೂಟ್ ಆನ್ ಇರಲಿ ಬಿಡಿ, ಖರ್ಚಿಲ್ಲದೆ ಸಿಗುವಷ್ಟು ರಕ್ಷಣೆ ಸಿಗಲಿ. ತೊಂದರೆ ಕೊಟ್ಟರೆ ರಿಕವರಿ ಕೀ ಬರೆದಿಟ್ಟುಕೊಂಡು ಆಫ್ ಮಾಡಿ, ಅಪರಾಧವೇನಲ್ಲ. ಆದರೆ ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಫೈಲುಗಳನ್ನು ಓದಲಾಗದಂತೆ ಮಾಡುವ ಬೀಗ) ಟಿಕ್ ಮಾತ್ರ ಹಾಕಿಸಿಕೊಳ್ಳಿ. ಮಂಗಳೂರಿನ ರೈಲಲ್ಲಿ ಬ್ಯಾಗ್ ಕಳೆದುಹೋದರೆ ನಿಮ್ಮ ಫೋಟೋ, ಬ್ಯಾಂಕ್ ಕಾಗದ ಕಾಯುವುದು ಅದೇ. ಅಂಗಡಿಯವರು ಅದನ್ನು ಯಾರಿಗೂ ಕೇಳಿದ್ದು ನಾನು ನೋಡಿಲ್ಲ.

– ಒಬ್ಬ ಓದುಗ, ಬದಿಯಡ್ಕ