ಕೆಟ್ಟಿದ್ದು ಅರ್ತ್ ವೈರ್, ಬದಲಾಯಿಸಿದ್ದು ಕ್ಲಚ್

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನಾಗಿ ಗೇರ್ ಬದಲಿಸುವ) ಕಾರಿನ ವೈರಿಂಗ್ ಪರೀಕ್ಷಿಸದೆ ಕ್ಲಚ್ ಬದಲಿಸಿ ಹಣ ಪಡೆದಿರುವ ಬಗ್ಗೆ

ಮಾನ್ಯರೇ,

ನಿಮ್ಮ ಅಧಿಕೃತ ಸರ್ವಿಸ್ ಸೆಂಟರ್‌ನವರು ನನ್ನ ಕಾರಿನ ಗೇರ್‌ಬಾಕ್ಸ್ ಇಳಿಸಿ ಹೊಸ ಕ್ಲಚ್ ಸೆಟ್ ಹಾಕಿದರು. ಬಿಲ್ಲು ಇಪ್ಪತ್ತು ಸಾವಿರ ದಾಟಿತು. ತಿಂಗಳೊಳಗೆ ಅದೇ ತೊಂದರೆ ಮರುಕಳಿಸಿತು. ಯಾಕೆಂದರೆ ಕ್ಲಚ್ ಕೆಟ್ಟೇ ಇರಲಿಲ್ಲ.

ತೊಂದರೆ ಏನೆಂದು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ್ದೆ. ಆಗುಂಬೆ ಘಾಟಿ ಹತ್ತುವಾಗ, ತಿರುವಿನಲ್ಲಿ, ಕಾರು ತಾನಾಗಿ ನ್ಯೂಟ್ರಲ್‌ಗೆ ಬಿತ್ತು. ಎಂಜಿನ್ ಓಡುತ್ತಿತ್ತು, ಗೇರ್ ಮಾತ್ರ ಬೀಳಲಿಲ್ಲ. ಕಾರು ಹಿಂದಕ್ಕೆ ಜಾರಿತು. ಹಿಂದೆ ಬಸ್ಸಿತ್ತು, ಪಕ್ಕದಲ್ಲಿ ಅಮ್ಮ ಕೂತಿದ್ದರು. ಬ್ರೇಕ್ ಒತ್ತಿಹಿಡಿದು, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಹೊರಟಿತು. ಕ್ಲಚ್ ಪ್ಲೇಟ್ ಸವೆದರೆ ಹೀಗಾಗುವುದಿಲ್ಲ. ಎಂಜಿನ್ ಜೋರಾಗಿ ಕೂಗುತ್ತದೆ, ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಬಂದು ಹೋಗುವ ತೊಂದರೆ ಎಂದರೆ ಮೊದಲು ವೈರಿಂಗ್ ನೋಡಬೇಕು ಅಲ್ವಾ?

ನಿಮ್ಮದೇ ಜಾಬ್ ಕಾರ್ಡ್‌ನಲ್ಲಿ ಸ್ಕ್ಯಾನರ್ ತೋರಿಸಿದ ಎರಡು ಕೋಡ್‌ಗಳಿವೆ. ಒಂದು ಪಿ0810, ಅಂದರೆ ಕ್ಲಚ್ ಇರಬೇಕಾದ ಜಾಗದಲ್ಲಿ ಇಲ್ಲ ಎಂದು. ಇನ್ನೊಂದು ಪಿ0562, ಅಂದರೆ ವೋಲ್ಟೇಜ್ ಕಡಿಮೆ ಎಂದು. ಬ್ಯಾಟರಿ ಚೆಕ್ ಮಾಡಿ 12.6 ವೋಲ್ಟ್ ಇದೆ, ಸರಿಯಾಗಿದೆ ಎಂದೂ ಬರೆದಿದ್ದೀರಿ. ಬ್ಯಾಟರಿ ಸರಿ ಇದ್ದೂ ಕಂಪ್ಯೂಟರ್‌ಗೆ ವೋಲ್ಟೇಜ್ ಸಾಲುತ್ತಿಲ್ಲ ಎಂದರೆ ನಡುವೆ ಎಲ್ಲೋ ಕರೆಂಟ್ ತಡೆಯುತ್ತಿದೆ ಎಂದು ಅರ್ಥ. ಆ ಎರಡನೇ ಕೋಡನ್ನು ಸುಮ್ನೆ ಅಳಿಸಿ, ಮೊದಲನೆಯದನ್ನು ಹಿಡಿದು ಗೇರ್‌ಬಾಕ್ಸ್ ಬಿಚ್ಚಿದ್ದಾರೆ.

ಹಳೆಯ ಪ್ಲೇಟನ್ನು ಕೇಳಿ ಪಡೆದಿದ್ದೇನೆ. ರಿವೆಟ್‌ಗಳು ಇನ್ನೂ ಲೈನಿಂಗ್‌ನ ಆಳದಲ್ಲೇ ಇವೆ, ಅಂದರೆ ಪ್ಲೇಟ್ ಸವೆದಿಲ್ಲ. ಸುಟ್ಟ ಗುರುತು ಎಲ್ಲೂ ಇಲ್ಲ. ಫೋಟೋ ಲಗತ್ತಿಸಿದ್ದೇನೆ.

ಎರಡನೇ ಸಲ ಹೋದಾಗ ಸರ್ವಿಸ್ ಅಡ್ವೈಸರ್ ಹೇಳಿದ್ದು: 'ಆಕ್ಚುಯೇಟರ್ ಹಾಕಿ ನೋಡೋಣ ಸಾರ್. ಅದರಲ್ಲೂ ಸರಿ ಹೋಗದಿದ್ದರೆ ಟಿಸಿಯು.' ಆಕ್ಚುಯೇಟರ್ ಎಂದರೆ ಕ್ಲಚ್, ಗೇರ್ ಆಡಿಸುವ ಭಾಗ; ಟಿಸಿಯು ಎಂದರೆ ಗೇರ್ ನಿಯಂತ್ರಿಸುವ ಕಂಪ್ಯೂಟರ್. ಆ ಅಂದಾಜಿನ ಮೊತ್ತ ಕ್ಲಚ್‌ಗಿಂತಲೂ ಜಾಸ್ತಿ. ನನ್ನ ದುಡ್ಡಿನಲ್ಲಿ ಒಂದೊಂದೇ ಭಾಗ ಹಾಕಿ ನೋಡುವುದನ್ನು ನಾನು ಒಪ್ಪಲಿಲ್ಲ.

ಕೊನೆಗೆ ತೀರ್ಥಹಳ್ಳಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಮಲ್ಟಿಮೀಟರ್ ಒಂದರಲ್ಲೇ ದೋಷ ಹಿಡಿದರು. ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದನ್ನು ಗೇರ್‌ಬಾಕ್ಸ್ ಮೈಮೇಲೆ ಇಟ್ಟರು. ನನಗೆ ಡ್ರೈವರ್ ಬಾಗಿಲು ತೆಗೆಯಲು ಹೇಳಿದರು. ಬಾಗಿಲು ತೆಗೆದ ಕೂಡಲೇ ಕ್ಲಚ್‌ನ ಹೈಡ್ರಾಲಿಕ್ ಪಂಪು ಗುಂಯ್ ಎಂದು ಓಡುತ್ತದಲ್ಲ, ಆಗ ಮೀಟರ್ ಸೊನ್ನೆಯಿಂದ 1.4 ವೋಲ್ಟ್‌ಗೆ ಜಿಗಿಯಿತು. ಅದು 0.2 ದಾಟಬಾರದು. ಬ್ಯಾಟರಿ ಟ್ರೇ ಕೆಳಗಿನ ಅರ್ತ್ ಬೋಲ್ಟ್, ಅಂದರೆ ಬ್ಯಾಟರಿಯ ಮೈನಸ್‌ಗೆ ಕರೆಂಟ್ ಮರಳುವ ಅರ್ತ್ ವೈರ್ ಕೂರುವ ಬೋಲ್ಟ್, ಬಿಚ್ಚಿದರೆ ಹಸಿರು ಕಿಲುಬು. ಲಗ್ (ವೈರಿನ ತುದಿಯ ಲೋಹದ ಕೊಂಡಿ) ಸೇರುವ ಕಡೆ ವೈರಿನ ಎಳೆಗಳು ಅರ್ಧಕ್ಕರ್ಧ ತುಂಡಾಗಿದ್ದವು. ಪಂಪು 20 ಆಂಪಿಯರ್ ಎಳೆಯುವಾಗ ಆ ಜಾಗದಲ್ಲಿ 0.07 ಓಮ್ ತಡೆ ಇದ್ದರೂ ಸಾಕು, 1.4 ವೋಲ್ಟ್ ಅಲ್ಲೇ ಹೋಗುತ್ತದೆ. ಪಂಪಿಗೆ ಬಲ ಸಾಲದೆ ಒತ್ತಡ ಏರುವುದಿಲ್ಲ, ಕ್ಲಚ್ ಪೂರ್ತಿ ಬಿಡುವುದಿಲ್ಲ, ಟಿಸಿಯು ಹುಷಾರಾಗಿ ನ್ಯೂಟ್ರಲ್‌ಗೆ ತಳ್ಳುತ್ತದೆ. ಘಾಟಿಯಲ್ಲಿ ಗೇರ್ ಪದೇ ಪದೇ ಬದಲಾಗುವುದರಿಂದ ಪಂಪಿಗೆ ಬಿಡುವೇ ಇಲ್ಲ. ಅಲ್ಲೇ ಕೈಕೊಟ್ಟಿದ್ದು ಅದಕ್ಕೆ.

ಕಿಲುಬು ಉಜ್ಜಿ, ಹೊಸ ವೈರ್ ಮತ್ತು ಲಗ್ ಹಾಕಿ ಅವರು ತೆಗೆದುಕೊಂಡದ್ದು ಕೆಲವು ನೂರು ರೂಪಾಯಿ. ಆಮೇಲೆ ಅದೇ ಘಾಟಿಯನ್ನು ಮಳೆಯಲ್ಲೂ ಹತ್ತಿದ್ದೇನೆ. ತೊಂದರೆ ಇಲ್ಲ.

ಮಲೆನಾಡು, ಕರಾವಳಿಯಲ್ಲಿ ವರ್ಷದ ಅರ್ಧ ಮಳೆ. ಇಲ್ಲಿನ ಕಾರುಗಳಲ್ಲಿ ಅರ್ತ್ ಪಾಯಿಂಟ್ ಹಾಳಾಗುವುದು ನಿಮ್ಮ ಮೆಕ್ಯಾನಿಕ್‌ಗಳಿಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ನೋಡದೆ ಕಾರನ್ನು ವಾಪಸ್ ಕೊಟ್ಟರು, ನಾವು ಅದೇ ದೋಷ ಇಟ್ಟುಕೊಂಡು ಮತ್ತೆ ರಸ್ತೆಗೆ ಇಳಿದೆವು. ನನಗೆ ದುಡ್ಡಿಗಿಂತ ಹೆಚ್ಚು ಸಿಟ್ಟು ಬಂದಿರುವುದು ಇದಕ್ಕೆ.

ಕ್ಲಚ್ ಸೆಟ್ ಮತ್ತು ಲೇಬರ್ ಹಣವನ್ನು ಪೂರ್ತಿ ವಾಪಸ್ ಮಾಡಿ. ಯಾವ ಪರೀಕ್ಷೆಯ ಮೇಲೆ ಕ್ಲಚ್ ಕೆಟ್ಟಿದೆ ಎಂದು ತೀರ್ಮಾನಿಸಿದಿರಿ ಎಂಬುದನ್ನು ಬರಹದಲ್ಲಿ ಕೊಡಿ. ಎಎಂಟಿ ಕಾರು ಗೇರ್ ಬಿಡುತ್ತಿದೆ ಎಂದು ಯಾರೇ ಬಂದರೂ, ಗೇರ್‌ಬಾಕ್ಸ್ ಇಳಿಸುವ ಮೊದಲು ಪಂಪು ಓಡುವಾಗಿನ ವೋಲ್ಟೇಜ್ ಡ್ರಾಪ್ ಅಳೆದು ಜಾಬ್ ಕಾರ್ಡ್‌ನಲ್ಲಿ ಬರೆಯುವಂತೆ ಆ ಸರ್ವಿಸ್ ಸೆಂಟರ್‌ಗೆ ಸೂಚನೆ ಹೋಗಬೇಕು.

ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ಕಾರಿನ ಮಾಲೀಕ
ತೀರ್ಥಹಳ್ಳಿ

ಲಗತ್ತು: ಜಾಬ್ ಕಾರ್ಡ್, ಬಿಲ್ಲು, ಎರಡನೇ ಅಂದಾಜು ಪಟ್ಟಿ, ಹಳೆಯ ಪ್ಲೇಟ್ ಮತ್ತು ಅರ್ತ್ ವೈರ್ ಫೋಟೋಗಳು